ಚಿಕ್ಕ ಕೀಲಿ ಯಾರ ಜೇಬಿನಲ್ಲಿ

ಫರ್ಗಾನಾ ಕಣಿವೆಯ ಬೆಷ್‌ತೋಲ್ ಊರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಖೋಲ್ಮಿರ್ಜಾನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಕಲಿತ್ ಅಕಾ. ಅವರ ಮಾತಿನಲ್ಲಿ ಅಕಾ ಎಂದರೆ ಅಣ್ಣ, ಕಲಿತ್ ಎಂದರೆ ಕೀಲಿ. ನಮ್ಮ ಕಿವಿಗೆ ‘ಕಲಿತ ಅಣ್ಣ’ ಎಂದು ಕೇಳಿಸಿದರೂ ಅದರಲ್ಲಿ ಮೋಸವೇನಿಲ್ಲ, ಕಾರ್ಖಾನೆಯ ತಂತಿ, ತಿರುಪು, ಬೀಗ ಎಲ್ಲವನ್ನೂ ಚೆನ್ನಾಗಿಯೇ ಕಲಿತ ಮನುಷ್ಯ ಅವನು. ಎದುರಿಗೆ ಯಾರು ಸಿಕ್ಕರೂ ಸಲಾಂ ಆದ ಮೇಲೆ ಅವನ ಮೊದಲ ಮಾತು ‘ಕೀಲಿ ಎಲ್ಲಿ?’ ಎಂದೇ. ಅವನ ಹೆಂಡತಿ ಓಯ್ನಿಸಾ ನೆರೆಹೊರೆಯ ಹೆಂಗಸರ ಮುಂದೆ ಹೇಳಿಕೊಂಡು ನಗುತ್ತಿದ್ದಳು: “ಮದುವೆ ದಿನ ನನ್ನ ಮುಸುಕು ಎತ್ತೋಕೆ ಮುಂಚೆ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿದ ಮಹಾರಾಯ.”

ಅವನು ಹಾಗಾದದ್ದಕ್ಕೆ ಕಾರಣ ಕಾರ್ಖಾನೆಯ ಡ್ರಮ್ಮು. ಶರತ್ಕಾಲದಲ್ಲಿ ಹೊಲದಿಂದ ಬರುವ ಹತ್ತಿ ಇಬ್ಬನಿ ಕುಡಿದು ಭಾರವಾಗಿರುತ್ತದೆ. ಹಸಿ ಹತ್ತಿಯನ್ನು ಬೀಜ ಬಿಡಿಸುವ ಜಿನ್ನಿಗೆ ಕೊಟ್ಟರೆ ಗರಗಸಕ್ಕೆ ಸುತ್ತಿಕೊಂಡು ಅರಳೆ ಹಾಳಾಗುತ್ತದೆ. ಅದಕ್ಕೇ ಮೊದಲು ಅದನ್ನು ಒಣಗಿಸುವ ಡ್ರಮ್ಮಿಗೆ ಹಾಕಬೇಕು. ಒಬ್ಬ ಆಳು ತಲೆ ಬಗ್ಗಿಸದೆ ಓಡಾಡಬಹುದಾದಷ್ಟು ದೊಡ್ಡ ಕಬ್ಬಿಣದ ಉರುಳೆ ಅದು. ಒಳಮೈಗೆಲ್ಲ ಹತ್ತಿಯನ್ನು ಎತ್ತೆತ್ತಿ ಹಾಕುವ ತಗಡಿನ ಹಲ್ಲುಗಳು. ತಿರುಗುತ್ತಿದ್ದರೆ ಒಳಗೆ ಬಿಸಿಗಾಳಿ ನುಗ್ಗುತ್ತದೆ. ಹತ್ತಿ ತೀರ ಹಸಿಯಾಗಿದ್ದರೆ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಆಗ ಡ್ರಮ್ಮು ನಿಲ್ಲಿಸಿ, ಒಂದು ಮೂಲೆಯ ಸಣ್ಣ ಬಾಗಿಲಿಂದ ಯಾರಾದರೂ ಒಳಗೆ ಹೋಗಿ ಕೆರೆದು ತೆಗೆಯಲೇಬೇಕು.

ಮೊದಲು ಇದಕ್ಕೊಂದು ಹಲಗೆ ಇತ್ತು. ‘ಒಳಗೆ ಆಳಿದ್ದಾನೆ’ ಎಂದು ಬರೆದ ಹಲಗೆಯನ್ನು ಸ್ವಿಚ್ಚಿನ ಹಿಡಿಗೆ ನೇತುಹಾಕಿ ಹೋಗುತ್ತಿದ್ದರು. ಒಂದು ಸಲ ಗಾಳಿಗೋ ಯಾರದೋ ಮೊಣಕೈ ತಾಗಿಯೋ ಹಲಗೆ ಬಿತ್ತು. ಒಳಗಿದ್ದ ನೆಮತ್ ಎಂಬವನ ಸಮೇತ ಡ್ರಮ್ಮು ಒಂದು ಸುತ್ತು ತಿರುಗಿತು. ಅವನ ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗ ಕಾರ್ಖಾನೆಯ ಗೇಟಿನಲ್ಲಿ ಕೂತು ಹುರಿದ ಸೂರ್ಯಕಾಂತಿ ಬೀಜ ಮಾರುತ್ತಾನೆ. ದಿನಾ ಬೆಳಿಗ್ಗೆ ಅವನ ಮುಂದೆಯೇ ಹಾದು ಒಳಗೆ ಹೋಗಬೇಕು. ಖೋಲ್ಮಿರ್ಜಾನಿಗೆ ಆ ಬೀಜ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಕೊಳ್ಳುತ್ತಿದ್ದ.

ಕೊನೆಗೆ ಡೈರೆಕ್ಟರ್ ತಾಷ್ಕೆಂಟಿನಿಂದ ಕೀಲಿಬೀಗಗಳನ್ನು ತರಿಸಿದ. ಮರದ ಪೆಟ್ಟಿಗೆಯಲ್ಲಿ ಎಣ್ಣೆಕಾಗದ ಸುತ್ತಿಕೊಂಡು ಬಂದ ಹಿತ್ತಾಳೆಯ ತೂಕದ ಸರಕು. ಖೋಲ್ಮಿರ್ಜಾ ಅವುಗಳನ್ನು ಕೂಸಿನಂತೆ ಎತ್ತಿಕೊಂಡು ಹೊರತೆಗೆದ. ಒಂದು ಬೀಗವನ್ನು ಸ್ವಿಚ್‌ಬೋರ್ಡಿಗೆ, ಇನ್ನೊಂದನ್ನು ಡ್ರಮ್ಮಿನ ಬಾಗಿಲಿಗೆ ಕೂರಿಸಿದ. ಬಾಗಿಲು ಹಳೆಯದು, ಬಿಸಿಯೇರಿದಾಗ ಹಿಗ್ಗಿ ಒಂದು ಕಡೆ ಜಗ್ಗುತ್ತಿತ್ತು. ತಣ್ಣಗಿದ್ದಾಗ ಸರಿಯಾಗಿ ಕೂತ ಬೀಗದ ನಾಲಿಗೆ ಬಿಸಿಯಲ್ಲಿ ತೂತಿಗೆ ಸಿಗುತ್ತಿರಲಿಲ್ಲ. ತೂತನ್ನು ದೊಡ್ಡದು ಮಾಡಿದರೆ ಕೆಲಸ ಸುಲಭ, ಆದರೆ ಆಗ ಬಾಗಿಲು ಅರೆತೆರೆದಿದ್ದರೂ ಬೀಗ ‘ಮುಚ್ಚಿದೆ’ ಎಂದು ಸುಳ್ಳು ಹೇಳುತ್ತದೆ. ಅವನು ತೂತಿಗೆ ಕೈ ಹಚ್ಚಲಿಲ್ಲ. ತಿರುಗಣಿಗಳನ್ನೇ ಬಿಚ್ಚಿ, ಬಾಗಿಲನ್ನೇ ಮತ್ತೆ ನೇತುಹಾಕಿ, ಬಿಸಿಯಲ್ಲೂ ತಣ್ಣಗಿದ್ದಾಗಲೂ ನಾಲಿಗೆ ನೇರ ಹೋಗುವ ತನಕ ಅರದಿಂದ ಉಜ್ಜುತ್ತ ಕೂತ.

ಬೀಗ ಕೂತ ಮೇಲೆ ಎಲ್ಲರನ್ನೂ ಸೇರಿಸಿ ತೋರಿಸಿದ.

“ನೋಡಿ, ಇದು ದೊಡ್ಡ ಕೀಲಿ. ಸ್ವಿಚ್ಚು ಆರಿಸಿದ್ರೆ ಮಾತ್ರ ಬೋರ್ಡಿಂದ ಹೊರಗೆ ಬರುತ್ತೆ. ಇದನ್ನ ತಂದು ಬಾಗಿಲ ಬೀಗಕ್ಕೆ ಹಾಕಿ ತಿರುಗಿಸಿದ್ರೆ ಈ ಚಿಕ್ಕ ಕೀಲಿ ಬಿಡುಗಡೆ ಆಗುತ್ತೆ. ಚಿಕ್ಕದನ್ನ ಕಿತ್ತುಕೊಂಡ ಮೇಲೇನೇ ಬಾಗಿಲು ತೆರೆಯೋದು. ಚಿಕ್ಕದು ವಾಪಸ್ ಬಂದು ಕೂರೋ ತನಕ ದೊಡ್ಡದನ್ನ ಬೀಗ ಬಿಡಲ್ಲ. ದೊಡ್ಡದು ಇಲ್ಲದೆ ಸ್ವಿಚ್ಚು ಏಳಲ್ಲ. ತಿಳೀತಾ?”

“ತಿಳೀದೆ ಏನು,” ಎಂದಳು ಸ್ವಿಚ್‌ಬೋರ್ಡಿನ ಸಲೋಮತ್. ಬೋರ್ಡಿನ ಕೋಣೆ ಅವಳ ರಾಜ್ಯ, ನಾಲಿಗೆ ಅವಳ ಗರಗಸ. “ಅತ್ತೆ ಮನೆ ಬೀರು ಇದ್ದ ಹಾಗೆ. ಸಕ್ಕರೆ ಡಬ್ಬಿ ಕೀಲಿ ಬೀರುವಿನ ಒಳಗೆ, ಬೀರುವಿನ ಕೀಲಿ ಅತ್ತೆ ಸೊಂಟದಲ್ಲಿ.”

“ಹಾಗೇ ಅಂದ್ಕೋ. ಒಳಗೆ ಹೋಗೋರು ಚಿಕ್ಕ ಕೀಲಿ ಜೇಬಲ್ಲಿ ಇಟ್ಕೊಂಡು ಹೋಗ್ಬೇಕು. ಅಷ್ಟೇ ಮಂತ್ರ.”

ಪಾಳಿಯ ಮುಖ್ಯಸ್ಥ ಎಲ್ಮುರೋದ್ ಗಡಿಬಿಡಿಯ ಮನುಷ್ಯ. ಗೇಟಿನ ಹೊರಗೆ ಹತ್ತಿ ಟ್ರಾಕ್ಟರುಗಳ ಸಾಲು ಬೆಳೆದಷ್ಟೂ ಅವನ ಮುಖ ಸಣ್ಣದಾಗುತ್ತಿತ್ತು. “ಕಲಿತ್ ಅಕಾ, ಒಂದು ಮಾತು. ಚಿಕ್ಕ ಕೀಲಿ ಕಳೆದುಹೋದ್ರೆ? ಬಜಾರಲ್ಲಿ ಇನ್ನೊಂದು ಮಾಡಿಸಿಡೋಣ. ಒಂದಕ್ಕೆ ಎರಡಿದ್ರೆ ಒಳ್ಳೇದಲ್ವಾ?”

“ಹೆಂಡತಿ ವಿಷಯದಲ್ಲೂ ಹಾಗೇನಾ ನಿನ್ನ ಲೆಕ್ಕ?” ಎಂದ ಖೋಲ್ಮಿರ್ಜಾ. “ಎರಡನೇ ಕೀಲಿ ಬಂದ ದಿನ ಈ ಬೀಗ ಬರೀ ಹಿತ್ತಾಳೆ. ತೂಕಕ್ಕೆ ಹಾಕಿ ಮಾರ್ಕೋ.”

ಎಲ್ಲರೂ ನಕ್ಕರು, ಎಲ್ಮುರೋದನೂ ನಕ್ಕ. ಎರಡನೇ ಕೀಲಿಯ ಮಾತು ಅಲ್ಲಿಗೆ ಮುಗಿಯಿತು. ಖೋಲ್ಮಿರ್ಜಾ ಕಳ್ಳಕೀಲಿ, ಸವೆದ ಕೀಲಿ, ಮುರಿದ ಕೀಲಿ ಎಲ್ಲವನ್ನೂ ಯೋಚಿಸಿದ್ದ. ಹಿರಿಯರಿಗೆ ಕೊಡುವ ಮರ್ಯಾದೆಯ ವಿಷಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಉಸಿರಾಟದ ಬಗ್ಗೆ ಯಾರಾದರೂ ಯೋಚಿಸುತ್ತಾರೆಯೇ?

ಡ್ರಮ್ಮಿನೊಳಗೆ ಹೋಗುವವರು ಮದಾಮಿನ್ ಓತಾ. ಓತಾ ಎಂದರೆ ತಂದೆ. ಊರಿಗೆಲ್ಲ ಅವರು ಓತಾನೇ, ಖೋಲ್ಮಿರ್ಜಾನಿಗೆ ಮಾತ್ರ ಉಸ್ತಾ, ಕೆಲಸ ಕಲಿಸಿದ ಗುರು. ಅಪ್ಪ ತೀರಿಕೊಂಡ ಮೇಲೆ ಎಡವಟ್ಟಾಗಿ ತಿರುಗುತ್ತಿದ್ದ ಅವನ ಕೈಗೆ ಸ್ಪ್ಯಾನರ್ ಕೊಟ್ಟವರು ಅವರೇ, ಹೆಣ್ಣು ಕೇಳಲು ಓಯ್ನಿಸಾಳ ಮನೆಗೆ ಹೋದವರೂ ಅವರೇ. ಅವರಿಗೆ ವಯಸ್ಸಾಗಿತ್ತು, ಕಿವಿ ಮಂದವಾಗಿತ್ತು. ಆದರೆ ಹತ್ತಿ ಯಾವ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಬೇರೆಯವರನ್ನು ಕಳಿಸಿದರೆ, “ಅವನು ಗೋಡೆ ಗುಡಿಸಿ ಬರ್ತಾನೆ, ಮೂಲೆ ಬಿಟ್ಟು ಬರ್ತಾನೆ” ಎಂದು ಗೊಣಗಿ ತಾವೇ ಹೊರಡುತ್ತಿದ್ದರು.

ಇನ್ನು ಫರ್ಗಾನಾ ಕಣಿವೆಯಲ್ಲಿ ಹಿರಿಯರ ಕೈಯಲ್ಲಿ ಏನಾದರೂ ಇದ್ದು ಕಿರಿಯನ ಕೈ ಬರಿದಾಗಿದ್ದರೆ ಅದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ಬಜಾರಿನಿಂದ ಮುದುಕರು ಕಲ್ಲಂಗಡಿ ಹೊತ್ತು ಬರುತ್ತಿದ್ದರೆ ಗುರುತಿಲ್ಲದವನೂ ಓಡಿಬಂದು ಇಸಿದುಕೊಳ್ಳುತ್ತಾನೆ. ಎಡಗೈ ಎದೆಯ ಮೇಲೆ, ಬಲಗೈ ಮುಂದೆ. ಹೀಗೆ ಮಾಡದವನನ್ನು ‘ಇವನಿಗೆ ಹೆತ್ತವರು ಇರಲಿಲ್ಲವೇನೋ’ ಎನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ಅಲ್ಲಿಲ್ಲ.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಟ್ರಾಕ್ಟರುಗಳ ಸಾಲು ನೆಮತನ ಬೀಜದ ಅಂಗಡಿ ದಾಟಿ ಕಾಲುವೆಯ ತನಕ ಹೋಯಿತು. ಡ್ರಮ್ಮು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಆವತ್ತು ಮಧ್ಯಾಹ್ನ ಮತ್ತೆ ನಿಂತಿತು. ಸಲೋಮತ್ ಸ್ವಿಚ್ಚು ಆರಿಸಿ ದೊಡ್ಡ ಕೀಲಿ ಕೊಟ್ಟಳು. ಖೋಲ್ಮಿರ್ಜಾ ಅದನ್ನು ತಂದು ಬಾಗಿಲ ಬೀಗಕ್ಕೆ ಹಾಕಿ ತಿರುಗಿಸಿದ. ಓತಾ ಚಿಕ್ಕ ಕೀಲಿ ಕಿತ್ತು ತಮ್ಮ ಚಾಪಾನಿನ ಜೇಬಿಗೆ ಹಾಕಿಕೊಂಡರು. ಬಾಗಿಲು ತೆರೆಯಿತು. ಒಳಗಿನಿಂದ ಬಿಸಿ ಮುಖಕ್ಕೆ ರಾಚಿತು.

“ತಂದೂರಿ ಒಲೆ ಕಣೋ ಇದು,” ಎಂದು ಓತಾ ಆ ಉದ್ದನೆಯ ನಿಲುವಂಗಿಯನ್ನು ಕಳಚಿದರು. ಖೋಲ್ಮಿರ್ಜಾ ಬಲಗೈ ಮುಂದೆ ಚಾಚಿ, ಎಡಗೈ ಎದೆಗೆ ಒತ್ತಿ, ತಲೆ ಬಾಗಿಸಿ ಚಾಪಾನ್ ಇಸಿದುಕೊಂಡ. ಓತಾ ಕೆರೆಯುವ ಕೊಕ್ಕೆಯನ್ನೂ ದೀಪವನ್ನೂ ಹಿಡಿದು ಒಳಗೆ ಹೋದರು.

ಅಷ್ಟರಲ್ಲಿ ಸಲೋಮತ್ ಕೋಣೆಯಿಂದ ಕೂಗಿದಳು, ಜಿನ್ನುಗಳ ಸಾಲಿನ ದೀಪ ಆರಿಹೋಗಿದೆ ಎಂದು. ಉಸ್ತಾರ ಚಾಪಾನನ್ನು ಆ ಧೂಳಿನಲ್ಲಿ, ಹತ್ತಿಯ ತುಪ್ಪುಳಿನಲ್ಲಿ ಎಲ್ಲಿ ಇಡುವುದು? ಖೋಲ್ಮಿರ್ಜಾ ಅದನ್ನು ತೋಳಲ್ಲಿ ಮಗುವಿನಂತೆ ಹಿಡಿದುಕೊಂಡೇ ಹೋಗಿ ಬೋರ್ಡಿನ ಕೋಣೆಯ ಚೊಕ್ಕ ಗೋಡೆಯ ಮೊಳೆಗೆ ನೇತುಹಾಕಿದ. ಆಮೇಲೆ ಅಲ್ಲೇ ಮೂಲೆಯಲ್ಲಿದ್ದ ದೀಪದ ತಂತಿಗಳ ಪೆಟ್ಟಿಗೆಯ ಹಿಂದೆ ನುಸುಳಿ, ಬಾಯಲ್ಲಿ ತಿರುಪು ಕಚ್ಚಿಕೊಂಡು ಕೂತ. ಸಲೋಮತ್ ಕೆಟಲಿಗೆ ನೀರು ತರಲು ಹೊರಗೆ ಹೋದಳು.

ಆಗ ಎಲ್ಮುರೋದ್ ಬಂದ. ಗೋಡೆಯ ಮೇಲೆ ಓತಾರ ಚಾಪಾನ್. ಜೇಬಿನಿಂದ ಚಿಕ್ಕ ಕೀಲಿಯ ಹಿತ್ತಾಳೆ ಇಣುಕುತ್ತಿದೆ. ಕೀಲಿ ಹೊರಗಿದೆ ಎಂದರೆ ಓತಾ ಹೊರಗಿದ್ದಾರೆ. ಕಲಿತ್ ಅಕಾ ಅಷ್ಟು ಸಲ ಹೇಳಿಕೊಟ್ಟದ್ದೂ ಅದನ್ನೇ ಅಲ್ಲವೇ? ಅವನು ಕೀಲಿ ತೆಗೆದುಕೊಂಡು ಡ್ರಮ್ಮಿನ ಹತ್ತಿರ ಹೋದ. ಬಾಗಿಲಲ್ಲಿ ನಿಂತು “ಓತಾ” ಎಂದು ಒಮ್ಮೆ ಕರೆದ ಕೂಡ. ಜಿನ್ನುಗಳ ಸದ್ದಿನಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ, ಹಲ್ಲುಗಳ ಮರೆಯಲ್ಲಿದ್ದ ದೀಪ ಕಾಣಲೂ ಇಲ್ಲ. ಬಾಗಿಲು ಹಾಕಿದ, ಚಿಕ್ಕ ಕೀಲಿ ಕೂರಿಸಿ ತಿರುಗಿಸಿದ. ಬೀಗ ಸತ್ಯವಂತ, ಹೇಳಿದಂತೆ ದೊಡ್ಡ ಕೀಲಿಯನ್ನು ಬಿಟ್ಟುಕೊಟ್ಟಿತು.

ನೀರು ತಂದ ಸಲೋಮತ್ ಕೆಟಲು ಒಲೆಯ ಮೇಲಿಟ್ಟು, ಕೋಣೆಗೆ ಮರಳಿದ ಎಲ್ಮುರೋದನ ಕೈಯಿಂದ ದೊಡ್ಡ ಕೀಲಿ ತೆಗೆದುಕೊಂಡಳು. ಬೋರ್ಡಿಗೆ ಹಾಕಿದಳು, ತಿರುಗಿಸಿದಳು. ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟವಳು ಕಿಟಕಿಯ ಹಲಗೆ ನೋಡಿದಳು. ಓತಾರ ಪಿಂಗಾಣಿ ಬಟ್ಟಲು ಅಲ್ಲೇ ಮಗುಚಿಕೊಂಡಿತ್ತು.

“ಓತಾ ಚಹಾಕ್ಕೆ ಬರಲಿಲ್ವಲ್ಲ,” ಎಂದಳು. “ಡ್ರಮ್ಮಿಂದ ಬಂದ್ರೆ ಮೊದಲು ಇಲ್ಲಿಗೇ ಬರೋದು.”

“ಬಂದಿದ್ದಾರೆ,” ಎಂದ ಎಲ್ಮುರೋದ್. “ಚಾಪಾನ್ ಜೇಬಲ್ಲೇ ಇತ್ತು ಕೀಲಿ.”

ಪೆಟ್ಟಿಗೆಯ ಹಿಂದಿದ್ದ ಖೋಲ್ಮಿರ್ಜಾನಿಗೆ ‘ಚಾಪಾನ್’ ಎಂಬ ಮಾತು ಕೇಳಿಸಿತು. ಎದ್ದು ಬರುವಾಗ ತಲೆ ಕಬ್ಬಿಣಕ್ಕೆ ಬಡಿಯಿತು, ಬಾಯಿಯಿಂದ ತಿರುಪುಗಳು ಉದುರಿದವು, ಮಾತು ಮಾತ್ರ ಉದುರಲಿಲ್ಲ. ಸಲೋಮತ್ ಅವನ ಮುಖ ನೋಡಿ, ಬಿಸಿ ತಾಗಿದಂತೆ ಹಿಡಿಯಿಂದ ಕೈ ತೆಗೆದಳು. ಅವನು ಬೋರ್ಡಿನಿಂದ ದೊಡ್ಡ ಕೀಲಿ ಕಿತ್ತುಕೊಂಡು ಓಡಿದ.

ಬಾಗಿಲು ತೆರೆದಾಗ ಓತಾ ಡ್ರಮ್ಮಿನ ಆ ತುದಿಯಲ್ಲಿ ದೀಪ ಹಿಡಿದು ಮಂಡಿಯೂರಿ ಕೂತು ಕೆರೆಯುತ್ತಿದ್ದರು.

“ಬಾಗಿಲು ಯಾಕೋ ಹಾಕಿದ್ರಿ?” ಎಂದರು. “ಗಾಳಿ ಇಲ್ಲ, ಬೆವರು ಕಿತ್ಕೊಂಡು ಬರ್ತಿದೆ. ಇನ್ನೊಂದು ಮೂಲೆ ಇದೆ, ತಾಳು.”

ಖೋಲ್ಮಿರ್ಜಾ ಬಾಗಿಲನ್ನು ಗಟ್ಟಿಯಾಗಿ ಹಿಡಿದು ಅಲ್ಲೇ ಕೂತ. ಓತಾ ಆ ಮೂಲೆಯನ್ನೂ ಮುಗಿಸಿ ಬಂದರು. ಹೊರಗೆ ಮೂವರ ಮುಖಗಳನ್ನೂ ಒಂದೊಂದಾಗಿ ನೋಡಿದರು, ಯಾವ ಬೀಗಕ್ಕೆ ಯಾವ ಕೀಲಿ ಕೂತಿದೆ ಎಂದು ನೋಡಿದರು. ಕೋಣೆಗೆ ಹೋಗಿ ಬಟ್ಟಲು ನೆಟ್ಟಗೆ ಮಾಡಿ ಚಹಾ ಹಾಕಿಸಿಕೊಂಡರು. ಸಲೋಮತ್ ಸುರಿಯುವಾಗ ಅರ್ಧ ಚಹಾ ನೆಲಕ್ಕೆ ಹೋಯಿತು.

ಎಲ್ಮುರೋದ್ ಅಳುವಂತಾಗಿದ್ದ. “ಅಕಾ, ನೀವು ಹೇಳಿದ ಹಾಗೇ ಮಾಡಿದೆ. ಕೀಲಿ ಹೊರಗಿದ್ರೆ ಆಳು ಹೊರಗೆ ಅಂದಿದ್ರಲ್ಲ.”

“ನಿಂದೇನೂ ತಪ್ಪಿಲ್ಲ,” ಎಂದ ಖೋಲ್ಮಿರ್ಜಾ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನಕ್ಕೆ ಹೊಡೆದು ಏನು ಫಲ? ಹಲಗೆಯನ್ನಾದರೂ ಗಾಳಿ ಬೀಳಿಸಿತ್ತು. ಇಲ್ಲಿ ತಾನೇ, ಎದೆಯ ಮೇಲೆ ಕೈಯಿಟ್ಟು, ಗುರುವಿನ ಜೀವವನ್ನು ಅವರ ಕೈಯಿಂದ ಇಸಿದುಕೊಂಡು ಹೋಗಿ ಮೊಳೆಗೆ ನೇತುಹಾಕಿದ್ದ.

ಮನೆಗೆ ಬಂದು ಊಟಕ್ಕೆ ಕೂತವನು ಪಲಾವಿಗೆ ಕೈ ಹಾಕಲಿಲ್ಲ. ಎದುರಿನ ಗೋಡೆಯ ಮೇಲೆ ಮಗ ಜಮೋಲ್ ಕಚ್ಚಿಹೋದ ರೊಟ್ಟಿ ತೂಗುತ್ತಿತ್ತು. ಮನೆಯಿಂದ ದೂರ ಹೊರಟವನು ದುಂಡನೆಯ ರೊಟ್ಟಿಯ ಅಂಚನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದ ರೊಟ್ಟಿ ಗೋಡೆಯ ಮೇಲೆ ಕಾಯುತ್ತದೆ, ಅವನು ಬಂದು ತಿನ್ನುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಜಮೋಲ್ ಸೈನ್ಯದ ಕೆಲಸಕ್ಕೆ ಹೋಗಿ ಚಳಿಗಾಲ, ಬೇಸಿಗೆ ಎರಡೂ ಕಳೆದಿದ್ದವು. ರೊಟ್ಟಿ ಕಲ್ಲಾಗಿತ್ತು.

ಖೋಲ್ಮಿರ್ಜಾ ಕೇಳಿದ, “ಅವನು ಹೊರಟ ದಿನ ಹಲ್ಲುನೋವು ಅಂತ ಕಚ್ಚೋಕೆ ಒಪ್ಪಲಿಲ್ಲ, ಅಲ್ವಾ?”

“ಹೂಂ. ನೀನೇ ನನ್ನ ಪರವಾಗಿ ಕಚ್ಚಮ್ಮಾ ಅಂದ.” ಓಯ್ನಿಸಾ ನಕ್ಕಳು. “ಬೆನ್ನಿಗೊಂದು ಗುದ್ದಿದೆ. ದಾರಿ ನಿಂದು, ಹಲ್ಲೂ ನಿಂದೇ ಆಗ್ಬೇಕು ಅಂದೆ. ನಾನು ಕಚ್ಚಿದ್ರೆ ರೊಟ್ಟಿ ನನ್ನನ್ನ ಕಾಯುತ್ತೆ, ನಾನು ಇಲ್ಲೇ ಇರ್ತೀನಿ. ಅವನನ್ನ ಯಾರು ಕಾಯೋದು?”

ಖೋಲ್ಮಿರ್ಜಾ ಆ ರೊಟ್ಟಿಯನ್ನೇ ನೋಡುತ್ತ ಕೂತ. ಹೆಂಡತಿ ಮಗನ ಬೆನ್ನಿಗೆ ಗುದ್ದಿದ್ದಳು. ತಾನು ಉಸ್ತಾರಿಗೆ ಏನು ಮಾಡಬೇಕೆಂಬುದು ಅವನಿಗೆ ಹೊಳೆದಿತ್ತು, ಅದಕ್ಕೆ ಬೇಕಾದ ಧೈರ್ಯ ಮಾತ್ರ ಇರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಕೂರಿಸುವುದು ಸುಲಭ. ಗುರುವಿನ ಮುಂದೆ ಹೆತ್ತವರಿಲ್ಲದವನಂತೆ ನಡೆದುಕೊಳ್ಳುವುದು ಹೇಗೆ?

ಮರುದಿನ ಚಿಕ್ಕ ಕೀಲಿಗೆ ತೂತು ಕೊರೆದು, ಕೊರಳಿಗೆ ಹಾಕಿಕೊಳ್ಳುವಂತೆ ಗಟ್ಟಿ ದಾರ ಪೋಣಿಸಿದ. ಡ್ರಮ್ಮು ಎಂದಿನಂತೆ ಕಟ್ಟಿಕೊಂಡಿತು. ಎಲ್ಲರೂ ಬಾಗಿಲ ಹತ್ತಿರ ಬಂದರು. ಓತಾ ಚಿಕ್ಕ ಕೀಲಿ ಕಿತ್ತು ದಾರ ನೋಡಿದರು, ಹುಬ್ಬೇರಿಸಿದರು, ಜೇಬಿಗೇ ಹಾಕಿಕೊಂಡರು. ಬಿಸಿ ರಾಚಿತು. ಚಾಪಾನ್ ಕಳಚಿ, ತಿರುಗಿಯೂ ನೋಡದೆ, ಅಷ್ಟು ವರ್ಷಗಳ ರೂಢಿಯಂತೆ ಹಿಂದಕ್ಕೆ ಚಾಚಿದರು.

ಚಾಪಾನ್ ಗಾಳಿಯಲ್ಲೇ ಉಳಿಯಿತು.

ಓತಾ ತಿರುಗಿ ನೋಡಿದರು. ಖೋಲ್ಮಿರ್ಜಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹಿರಿಯರ ಮುಂದೆ ಹಾಗೆ ನಿಲ್ಲುವುದು ಪೊಲೀಸರು, ಇಲ್ಲವೇ ಹುಚ್ಚರು. ಎಲ್ಮುರೋದ್ ಓಡಿಬಂದು ಕೈಚಾಚಲು ಹೋದ. “ಮುಟ್ಟಬೇಡ,” ಎಂದ ಖೋಲ್ಮಿರ್ಜಾ.

“ಏನೋ ಇದು?” ಎಂದರು ಓತಾ.

“ಉಸ್ತಾ, ನಿಮ್ಮ ಕೀಲಿ ನಾನು ಹಿಡಿಯಲ್ಲ. ನಿಮ್ಮ ಜೇಬಲ್ಲಿ ಕೀಲಿ ಇರೋ ತನಕ ಚಾಪಾನೂ ಹಿಡಿಯಲ್ಲ. ಏನು ಬೇಕಾದ್ರೂ ಬೈರಿ.”

“ನಿನ್ನೆ ಹಿಡಿದೆಯಲ್ಲ?”

“ನಿನ್ನೆ ಹಿಡಿದೆ. ಅದಕ್ಕೇ ಇವತ್ತು ಹಿಡಿಯಲ್ಲ.” ಕಣ್ಣಲ್ಲಿ ನೀರು ಬಂದರೂ ಕೈ ಮುಂದೆ ತಂದು ಒರೆಸಿಕೊಳ್ಳಲಿಲ್ಲ. “ಹೋಗೋರ ರೊಟ್ಟಿ ಇನ್ನೊಬ್ಬರು ಕಚ್ತಾರಾ ಉಸ್ತಾ? ನಿಮ್ಮ ದಾರಿ, ನಿಮ್ಮದೇ ಹಲ್ಲಾಗಬೇಕು.”

ಓತಾ ಚಾಪಾನಿನ ಜೇಬಿಗೆ ಕೈ ಹಾಕಿ ಕೀಲಿ ತೆಗೆದು, ದಾರವನ್ನು ಕೊರಳಿಗೆ ಹಾಕಿಕೊಂಡರು. ಕೀಲಿಯ ಅಂಚನ್ನು ಬಾಯಿಗೆ ಹಿಡಿದು, ಉಳಿದಿದ್ದ ಹಲ್ಲುಗಳಿಂದ ಕಟಕ್ಕನೆ ಕಚ್ಚಿದರು.

“ರೊಟ್ಟಿ ಸ್ವಲ್ಪ ಗಟ್ಟಿ ಬೇಯಿಸಿದ್ದೀಯ,” ಎಂದರು. “ಈಗಲಾದ್ರೂ ಚಾಪಾನ್ ಹಿಡೀತೀಯೋ, ನೆಲಕ್ಕೆ ಹಾಕಲೋ?”

ಖೋಲ್ಮಿರ್ಜಾ ಎರಡೂ ಕೈಯಲ್ಲಿ ಹಿಡಿದುಕೊಂಡ.

ಬೆಷ್‌ತೋಲ್‌ನಲ್ಲಿ ಅದೇ ಪದ್ಧತಿಯಾಯಿತು. ಡ್ರಮ್ಮಿಗೆ ಹೋಗುವವರು ಚಿಕ್ಕ ಕೀಲಿಯನ್ನು ಒಮ್ಮೆ ಕಚ್ಚಿ ಕೊರಳಿಗೆ ಹಾಕಿಕೊಳ್ಳುತ್ತಾರೆ, ಹೊರಗಿನವರು ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ. ಬಂದವರು ಮೊದಲು ಸಲೋಮತ್‌ಳ ಕೋಣೆಯಲ್ಲಿ ಚಹಾ ಕುಡಿಯಬೇಕು, ಆಮೇಲೆಯೇ ಸ್ವಿಚ್ಚು. ತಾಷ್ಕೆಂಟಿನಿಂದ ಬಂದ ಒಬ್ಬ ಅಧಿಕಾರಿ ಇದನ್ನು ನೋಡಿ, ಈ ಕಾರ್ಖಾನೆಯ ಜನಕ್ಕೆ ಹಿರಿಯರು ಕಿರಿಯರೆಂಬ ಮರ್ಯಾದೆ ತಿಳಿಯದು ಎಂದು ಹೇಳಿ ಹೋದ. ನೆಮತ್ ಗೇಟಿನಲ್ಲಿ ಅವನಿಗೆ ಬೀಜ ಮಾರಲಿಲ್ಲ.

ಜಮೋಲ್ ಮನೆಗೆ ಬಂದ. ಕಲ್ಲಾದ ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿಂದ. ಎರಡು ಸುಗ್ಗಿಯ ನಂತರ ಓತಾ ಕೆಲಸ ಬಿಟ್ಟು ಮೊಮ್ಮಕ್ಕಳ ಜೊತೆ ದ್ರಾಕ್ಷಿ ಚಪ್ಪರದ ಕೆಳಗೆ ಕೂತರು. ಆ ವರ್ಷ ಮಳೆ ಹಿಡಿದು ಡ್ರಮ್ಮು ಕಟ್ಟಿಕೊಂಡಾಗ, ಮೂಲೆಗಳನ್ನು ಬಲ್ಲವರು ಬೇರೆ ಯಾರೂ ಇಲ್ಲದೆ ಖೋಲ್ಮಿರ್ಜಾನೇ ಮೊದಲ ಸಲ ಹೊರಟ. ಕೊಕ್ಕೆ, ದೀಪ, ನೀರಿನ ಬಾಟಲಿ, ಕಳಚಿದ ಕೋಟು, ಕೊರಳಿಗೆ ಹಾಕಿಕೊಳ್ಳಬೇಕಾದ ಕೀಲಿ, ಎಲ್ಲ ಸೇರಿ ಕೈ ಸಾಲಲಿಲ್ಲ. ಅಭ್ಯಾಸಬಲದಿಂದ ಯಾರಾದರೂ ಕೈ ಕೊಡುತ್ತಾರೇನೋ ಎಂದು ತಿರುಗಿ ನೋಡಿದ.

ಎಲ್ಮುರೋದ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಬೋರ್ಡಿನ ಕೋಣೆಯ ಬಾಗಿಲಲ್ಲಿ ಸಲೋಮತ್ ಕೂಡ. ಅವರ ಹಿಂದೆ ಜಿನ್ನಿನ ಆಳುಗಳೆಲ್ಲ ಹಾಗೆಯೇ ನಿಂತಿದ್ದರು, ಒಬ್ಬರ ಕೈಯೂ ಕಾಣುತ್ತಿರಲಿಲ್ಲ. ಜೀವಮಾನದಲ್ಲಿ ತನಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟದ್ದು ಖೋಲ್ಮಿರ್ಜಾನಿಗೆ ನೆನಪಾಗಲಿಲ್ಲ. ಕೋಟನ್ನು ನೆಲದ ಮೇಲಿಟ್ಟ, ಕೀಲಿಯನ್ನು ಕಚ್ಚಿ ಕೊರಳಿಗೆ ಹಾಕಿಕೊಂಡ, ಒಳಗೆ ಹೋದ.